ಮೀನಿಗೆ ಮೂರು ದಿನ ಅನ್ನವಿಲ್ಲ

ನಮ್ಮ ಬೀದಿಯಲ್ಲಿ ಈ ಸಂಗತಿಯನ್ನು ಹೇಳುವವರೆಲ್ಲ ಒಂದೇ ರೀತಿ ಹೇಳುತ್ತಾರೆ. ಹೊಟ್ಟೆ ಉಬ್ಬಿ ಸಾಯಲು ಬಿದ್ದಿದ್ದ ಮೀನನ್ನು ಕಾಲೇಜು ಓದುವ ಹುಡುಗಿ ಬದುಕಿಸಿದಳು, ಮೀನು ಬದುಕಿದ್ದರಿಂದ ಅವಳ ಅಕ್ಕನೂ ಬದುಕಿದಳು. ಆ ಹುಡುಗಿ ನಾನು. ಹೊಗಳಿಕೆ ನನ್ನ ಪಾಲಿಗೆ ಬಂದದ್ದರಿಂದ ಇಷ್ಟು ದಿನ ಅಡ್ಡ ಮಾತಾಡಲಿಲ್ಲ. ಬೇರೆ ಯಾರನ್ನಾದರೂ ಹೀಗೆ ಹೊಗಳಿದ್ದರೆ ಆಧಾರ ಎಲ್ಲಿ ಎಂದು ಮೊದಲು ಕೇಳುತ್ತಿದ್ದವಳು ನಾನೇ. ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡಿದ ಮೇಷ್ಟರು ಕಲಿಸಿದ್ದೇ ಅದು: ಎದುರಿನವರ ಮಾತಿನಲ್ಲಿ ಯಾವ ಕೊಂಡಿ ಸಡಿಲವಾಗಿದೆಯೋ ಅಲ್ಲಿ ಕೈ ಹಾಕಬೇಕು. ಈ ಕತೆಯಲ್ಲಿ ಎರಡು ಕೊಂಡಿಗಳು ಸಡಿಲ. ಮೀನನ್ನು ಬದುಕಿಸಿದ್ದು ನಾನಲ್ಲ. ಅಕ್ಕ ಚೇತರಿಸಿಕೊಂಡದ್ದಕ್ಕೂ ನನಗೂ ಏನಾದರೂ ಸಂಬಂಧವಿದ್ದರೆ ಅದು ಹೊಗಳುವಂಥದ್ದಲ್ಲ.

ಅಕ್ಕನನ್ನು ಆಯನೂರಿಗೆ ಕೊಟ್ಟಿತ್ತು. ಸೀಮಂತ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆಂದು ಭದ್ರಾವತಿಗೆ, ಜನ್ನಾಪುರದ ನಮ್ಮ ಮನೆಗೆ ಬಂದಳು. ಎಂಟು ತಿಂಗಳು ತುಂಬುವ ಮೊದಲೇ ಹೊಟ್ಟೆಯೊಳಗಿನ ಅಲುಗಾಟ ನಿಂತಿತು. ಆಸ್ಪತ್ರೆಯಿಂದ ಅವಳೊಬ್ಬಳನ್ನೇ ಕರೆದುಕೊಂಡು ಬಂದೆವು. ಅಮ್ಮ ಪದ್ಧತಿ ಬಿಡಲಿಲ್ಲ. ಎಣ್ಣೆ ನೀರು ಹಾಕಿದಳು, ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಿದಳು, ನಡುಮನೆಯ ಪಕ್ಕದ ಕೋಣೆಯಲ್ಲಿ ಹಾಸಿಗೆ ಹಾಸಿದಳು. ಕೂಸಿಲ್ಲದ ಬಾಣಂತಿ. ಅವಳು ಅತ್ತಿದ್ದರೆ ನಮಗೆ ಧೈರ್ಯ ಬರುತ್ತಿತ್ತೋ ಏನೋ. ಅಳಲಿಲ್ಲ, ಮಾತಾಡಲಿಲ್ಲ, ತಟ್ಟೆ ಮುಂದಿಟ್ಟರೆ ನೋಡುತ್ತಿದ್ದಳು ಅಷ್ಟೆ. ಹದಿನೈದು ದಿನದಲ್ಲಿ ಅವಳ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಹೀಗೇ ಹೋದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಡಾಕ್ಟರು ಅಪ್ಪನಿಗೆ ಹೇಳಿದರಂತೆ. ಅಪ್ಪ ಅದನ್ನು ಅಮ್ಮನಿಗೆ ಹೇಳಿ, ಸೈರನ್ ಆಗುತ್ತಲೇ ಊಟದ ಡಬ್ಬಿ ಹಿಡಿದು ಕಾರ್ಖಾನೆಗೆ ಹೊರಟುಬಿಟ್ಟರು. ಆವತ್ತು ಅವರ ಶಿಫ್ಟು ಇರಲಿಲ್ಲ.

ಆಗ ಮೀನು ಬಂತು. ಪಕ್ಕದ ಮನೆಯ ಚಾಚಾ ಓಲ್ಡ್ ಟೌನಿನಲ್ಲಿ ಲಾರಿ ರಿಪೇರಿ ಮಾಡುತ್ತಿದ್ದರು. ಮದರಾಸಿಗೆ ಹೋಗಿ ಬಂದ ಲಾರಿಯಲ್ಲಿ ಯಾರೋ ಅವರಿಗಾಗಿ ಒಂದು ಗೋಲ್ಡ್ ಫಿಶ್ ತಂದಿದ್ದರು. ಅಂಗೈಯಗಲದ, ಕಿತ್ತಳೆ ಬಣ್ಣದ, ದುಂಡು ಮೈಯ ಮೀನು. ಚಾಚಾ ಗ್ಯಾರೇಜಿನಲ್ಲೇ ಕಬ್ಬಿಣದ ಪಟ್ಟಿಗಳನ್ನು ಬೆಸೆದು, ಕಿಟಕಿ ಗಾಜು ಕೂರಿಸಿ, ಸಂದಿಗಳಿಗೆ ಪುಟ್ಟಿ ಮೆತ್ತಿ ಒಂದು ತೊಟ್ಟಿ ಮಾಡಿದರು. ಅದನ್ನು ತಂದು ಅಕ್ಕನ ಕೋಣೆಯ ಬೆಂಚಿನ ಮೇಲಿಟ್ಟು, ನೋಡ್ತಾ ಇರಮ್ಮ, ಹೊತ್ತು ಹೋಗ್ತದೆ ಎಂದು ಹೇಳಿ ಹೋದರು. ಅಕ್ಕ ನೋಡಿದಳು. ಅದನ್ನೇ ನೋಡುತ್ತ ಕುಳಿತಳು.

ಅಮ್ಮನ ಉಪಾಯ ಮೂರನೆಯ ದಿನಕ್ಕೇ ಶುರುವಾಯಿತು. ಅನ್ನ ಕಲಸಿ ಅಕ್ಕನ ಬಾಯಿಗೆ ಒಂದು ತುತ್ತು ಹಿಡಿಯುವುದು, ಅವಳು ನುಂಗಿದರೆ ಅವಳ ಕೈಗೆ ನಾಲ್ಕು ಅಗಳು ಕೊಟ್ಟು ತೊಟ್ಟಿಗೆ ಹಾಕಿಸುವುದು. ನೀನು ತಿಂದರೆ ಅದಕ್ಕೆ, ಇಲ್ಲದಿದ್ದರೆ ಅದಕ್ಕೂ ಇಲ್ಲ. ಅಕ್ಕ ಮೀನನ್ನು ನೋಡುತ್ತಿದ್ದಳು, ಮೀನು ಗಾಜಿಗೆ ಮೂತಿ ಒತ್ತಿ ಬಾಯಿ ತೆರೆದು ಮುಚ್ಚುತ್ತಿತ್ತು. ಆಮೇಲೆ ಅಕ್ಕ ಬಾಯಿ ತೆರೆಯುತ್ತಿದ್ದಳು. ಹೀಗೆ ಹೊತ್ತಿಗೆ ಎಂಟು ಹತ್ತು ತುತ್ತು ಒಳಗೆ ಹೋಗತೊಡಗಿತು. ಅಮ್ಮ ಅಡಿಗೆಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡಳು.

ಇದರ ಜೊತೆಗೆ ನೋಡಲು ಬರುವವರು. ಬಾಣಂತಿಯ ಮನೆಗೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ, ಅದು ನಮ್ಮ ಕಡೆಯ ನಡವಳಿಕೆ. ಆದರೆ ತಂದದ್ದನ್ನು ಕೊಡಲು ಅಲ್ಲಿ ತೊಟ್ಟಿಲಿಲ್ಲ, ಬಾಣಂತಿ ಬಂದವರ ಕಡೆ ಮುಖ ತಿರುಗಿಸುವುದಿಲ್ಲ. ಕೈ ಎಲ್ಲಿಗಾದರೂ ಹೋಗಬೇಕಲ್ಲ, ಮೀನಿನ ತೊಟ್ಟಿಗೆ ಹೋಯಿತು. ಒಬ್ಬರು ಮಂಡಕ್ಕಿ, ಒಬ್ಬರು ಕೊಬ್ಬರಿ ಚೂರು, ಒಬ್ಬರು ಹುರಿಗಡಲೆ ಹಿಟ್ಟು. ಹೊಳೆಯ ಮೀನಿಗೆ ಮಂಡಕ್ಕಿ ಎರಚಿ ಪುಣ್ಯ ಕಟ್ಟಿಕೊಂಡು ಅಭ್ಯಾಸವಿದ್ದ ಕೈಗಳು. ಹೊಳೆಗೆ ಸಾವಿರ ಬಾಯಿಗಳಿರುತ್ತವೆ, ಈ ತೊಟ್ಟಿಯಲ್ಲಿ ಒಂದೇ ಬಾಯಿ ಎಂಬ ಲೆಕ್ಕ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ಎಂದು ಇಲ್ಲೇ ಒಪ್ಪಿಕೊಳ್ಳುತ್ತೇನೆ.

ಎರಡು ವಾರದಲ್ಲಿ ಮೀನಿನ ಹೊಟ್ಟೆ ಎರಡೂ ಕಡೆ ಉಬ್ಬಿತು. ಈಜುವಾಗ ಒಂದು ಪಕ್ಕಕ್ಕೆ ವಾಲುತ್ತಿತ್ತು. ತಳಕ್ಕೆ ಹೋಗಲು ಬಾಲ ಬಡಿದು ಬಡಿದು ಅರ್ಧ ದಾರಿಯಲ್ಲೇ ಸೋತು ಮತ್ತೆ ಮೇಲಕ್ಕೆ ತೇಲಿಬಿಡುತ್ತಿತ್ತು. ಹಿಂದುಗಡೆ ಬಿಳಿ ದಾರದಂಥದ್ದು ಜೋತಾಡುತ್ತಿತ್ತು. ಹಿಂದಿನ ಸಾಲಿನ ಕ್ವಾರ್ಟರ್ಸಿನ ಹೆಂಗಸೊಬ್ಬರು ಬಗ್ಗಿ ನೋಡಿ, ಇದು ಬಸುರಿ ಎಂದುಬಿಟ್ಟರು. ಮಾರನೆಯ ದಿನದಿಂದ ಅದಕ್ಕೆ ಬಯಕೆಯ ತಿಂಡಿಗಳು ಬರತೊಡಗಿದವು. ಬರುವ ಹೆಂಗಸರ ದನಿಗಳು ಕೂಡ ಮೆತ್ತಗಾದವು. ಇಷ್ಟು ದಿನ ಆ ಕೋಣೆಯಲ್ಲಿ ಏನು ಮಾತಾಡಬೇಕೆಂದು ತೋಚದೆ ಕೂರುತ್ತಿದ್ದವರಿಗೆ ಒಂದು ವಿಷಯ ಸಿಕ್ಕಿತ್ತು. ಅಕ್ಕ ಅದನ್ನೆಲ್ಲ ಕೇಳಿಸಿಕೊಳ್ಳುತ್ತ ಗೋಡೆಗೆ ಒರಗಿ ಕೂತಿರುತ್ತಿದ್ದಳು.

ನಾನು ಚಾಚಾರ ಹತ್ತಿರ ಹೋಗಿ, ನೀವು ತಂದದ್ದು ಗಂಡೋ ಹೆಣ್ಣೋ ಎಂದು ಕೇಳಿದೆ. ಅವರು ಬಾಯಲ್ಲಿದ್ದ ಬೀಡಿ ತೆಗೆದು ನಕ್ಕರು. "ಲಾರಿ ಆಗಿದ್ರೆ ಬಾನೆಟ್ ಎತ್ತಿ ನೋಡಿ ಹೇಳ್ತಿದ್ದೆ ಲಾಯರಮ್ಮ. ಮೀನಿಂದು ಏನು ಎತ್ತಲಿ?"

ಶನಿವಾರ ಶಿವಮೊಗ್ಗದಲ್ಲಿ ಕ್ಲಾಸು ಮುಗಿದ ಮೇಲೆ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನ ಅಟೆಂಡರನ್ನು ಹುಡುಕಿಕೊಂಡು ಹೋದೆ. ಕಪ್ಪೆ, ಮೀನುಗಳನ್ನು ವರ್ಷಗಟ್ಟಲೆ ಸಾಕಿದ ಮನುಷ್ಯ. ನಾನು ಹೇಳಿದ್ದನ್ನು ಪೂರ್ತಿ ಕೇಳಿ ಎರಡೇ ಪ್ರಶ್ನೆ ಕೇಳಿದರು. ಏನು ಹಾಕ್ತಿದ್ದೀರಿ? ಮೇಲಿಂದ ನೋಡಿದರೆ ಮೈಮೇಲಿನ ಹುರುಪೆ ಎದ್ದು ಸೀತಾಫಲದ ಹಾಗೆ ಕಾಣುತ್ತದೆಯೇ? ಹಾಗೆ ಎದ್ದಿಲ್ಲ ಎಂದೆ. ಅವರು ತಲೆಯಾಡಿಸಿದರು. ಎದ್ದಿದ್ದರೆ ಕೈಬಿಡಬೇಕಾಗಿತ್ತಂತೆ, ಅದು ಬೇರೆ ಕಾಯಿಲೆ. ಇದು ಬರೀ ಹೊಟ್ಟೆ ಕಟ್ಟಿದ್ದು.

"ಗೋಲ್ಡ್ ಫಿಶ್ ಮೊಟ್ಟೆ ಇಡೋ ಜಾತಿ ಕಣಮ್ಮ, ಬಸುರಿ ಗಿಸುರಿ ಏನಿಲ್ಲ," ಎಂದರು. "ಅದಕ್ಕೆ ನಮ್ಮ ಥರ ಹೊಟ್ಟೆ ಚೀಲ ಇಲ್ಲ, ಬರೀ ಕರುಳು. ನೀವು ಅನ್ನ ಮಂಡಕ್ಕಿ ತುರುಕಿದ್ರೆ ಒಳಗೆ ಹೋಗಿ ಊದ್ಕೊಳ್ತದೆ. ಮೂರು ದಿನ ಏನೂ ಹಾಕಬೇಡಿ. ಆಮೇಲೆ ಬಟಾಣಿ ಬೇಯಿಸಿ, ಸಿಪ್ಪೆ ತೆಗೆದು, ಉಪ್ಪು ಹಾಕದೆ ನುರಿದು ಒಂದೇ ಒಂದು ಕೊಡಿ."

ಚಳಿಗಾಲವಾದ್ದರಿಂದ ತೊಟ್ಟಿಯನ್ನು ಬೆಳಗಿನ ಬಿಸಿಲು ಬೀಳುವ ಕಡೆ ಇಡಬೇಕೆಂದರು, ತಣ್ಣೀರಿನಲ್ಲಿ ಅದರ ಕರುಳು ನಿಧಾನವಂತೆ. ಮೂರನೆಯ ದಿನಕ್ಕೂ ಇಳಿಯದಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ಭೇದಿ ಉಪ್ಪನ್ನು ಒಂದು ಬಕೆಟ್ ನೀರಿಗೆ ಒಂದು ಚಮಚ ಕರಗಿಸಿ, ಹತ್ತು ನಿಮಿಷ ಮೀನನ್ನು ಅದರಲ್ಲಿ ಬಿಟ್ಟು ತೆಗೆಯಬೇಕು. ಹತ್ತೇ ನಿಮಿಷ, ಎಂದು ಬೆರಳೆತ್ತಿ ಹೇಳಿದರು. ನಾನು ಉಪ್ಪಿನ ಪೊಟ್ಟಣ ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ವಾದಕ್ಕೆ ಬೇಕಾದ ಅಂಶಗಳೆಲ್ಲ ಕೈಗೆ ಸಿಕ್ಕಿದಾಗ ಆಗುವ ಖುಷಿಯೇ ಆಗ ನನಗಿತ್ತು.

ಆ ಖುಷಿ ಅಡಿಗೆಮನೆಯಲ್ಲಿ ಇಳಿಯಿತು. ನಾನು ಅಂಶ ಅಂಶವಾಗಿ ಎಲ್ಲವನ್ನೂ ಹೇಳಿದೆ. ಅಮ್ಮ ಮೂಢನಂಬಿಕೆಯಿಂದ ವಾದಿಸುತ್ತಾಳೆ, ನಾನು ಗೆಲ್ಲುತ್ತೇನೆ ಎಂದುಕೊಂಡಿದ್ದೆ. ಅವಳು ಅಕ್ಕಿ ಆರಿಸುತ್ತಲೇ ಕೇಳಿಸಿಕೊಂಡಳು.

"ಅದು ಬಸುರಿ ಅಂತ ನಾನು ನಂಬಿದ್ದೀನಿ ಅಂದ್ಕೊಂಡ್ಯಾ?" ಎಂದಳು. "ನೀನು ಹೇಳೋದು ಸರೀನೇ ಇರಬಹುದು. ಆದ್ರೆ ಮೀನಿಗೆ ಮೂರು ದಿನ ನಿಲ್ಸಿದ್ರೆ ಇವಳೂ ಮೂರು ದಿನ ತುತ್ತು ಮುಟ್ಟೋದಿಲ್ಲ. ಸತ್ರೆ ಸಾಯ್ಲಿ ಕಣೇ ಅದು. ಇನ್ನೊಂದು ಮೀನು ತರಿಸ್ತೀನಿ. ಇವಳನ್ನ ಎಲ್ಲಿಂದ ತರಿಸ್ಲಿ?"

"ಮೀನು ಸತ್ತ ದಿನ ಅವಳು ಏನು ತಿಂತಾಳೆ?" ಎಂದೆ.

ಅಮ್ಮ ಮೊರವನ್ನು ಕೆಳಗಿಟ್ಟು ಒಲೆ ಕಡೆ ತಿರುಗಿದಳು. ವಾದ ಗೆದ್ದೆನೆಂದು ನನಗೆ ಸಮಾಧಾನವಾಯಿತು. ಆದರೆ ಮೀನಿನ ಅನ್ನ ನಿಲ್ಲಲಿಲ್ಲ.

ಮಾರನೆಯ ದಿನ ಭಾನುವಾರ. ಮಧ್ಯಾಹ್ನದ ಹೊತ್ತಿಗೆ ಮೂವರು ಹೆಂಗಸರು ಬಂದರು. ಒಬ್ಬರ ಕೈಯಲ್ಲಿ ಅವಲಕ್ಕಿ ಉಂಡೆ. ಮೀನು ನೀರಿನ ಮೇಲೆ ಪಕ್ಕಕ್ಕೆ ಮಲಗಿದಂತೆ ತೇಲುತ್ತಿತ್ತು, ಹೊಟ್ಟೆಯ ಒಂದು ಕಡೆ ನೀರಿನಿಂದ ಹೊರಗೆ ಬಂದು ಒಣಗಿ ಕೆಂಪಾಗಿತ್ತು. ಅವರು ಉಂಡೆ ಮುರಿದು ಪುಡಿ ಮಾಡಿ ಹಾಕುತ್ತ, ಪಾಪ, ದಿನ ತುಂಬಿದೆ, ಮೈ ಹೊರಲಾರದೆ ಒದ್ದಾಡ್ತದೆ ಎಂದರು. ಇನ್ನೊಬ್ಬರು, ಮರಿ ಆದ್ರೆ ನಮಗೊಂದು ಕೊಡಬೇಕು ಕಣಮ್ಮ ಎಂದು ಅಕ್ಕನ ಮೊಣಕಾಲು ಮುಟ್ಟಿದರು. ಅಮ್ಮ ಬಾಗಿಲಲ್ಲಿ ಅನ್ನದ ತಟ್ಟೆ ಹಿಡಿದು ನಿಂತಿದ್ದಳು. ನಾನು ಹಿಂದಿನ ದಿನ ಗೆದ್ದೂ ಗೆಲ್ಲದ ವಾದವನ್ನು ತಲೆಯಲ್ಲಿ ಇಟ್ಟುಕೊಂಡೇ ಎದ್ದಿದ್ದೆ. ಸಭೆಯಲ್ಲಿ ಹೇಗೆ ಗಟ್ಟಿಯಾಗಿ, ಒಂದೊಂದು ಪದ ಬಿಡಿಸಿ ಹೇಳುತ್ತೇವೋ ಹಾಗೇ ಹೇಳಿದೆ:

"ಹೊಟ್ಟೆ ಊದಿದ ಮಾತ್ರಕ್ಕೆ ಒಳಗೆ ಜೀವ ಇರಬೇಕು ಅಂತೇನಿಲ್ಲ."

ಮೀನಿನ ಬಗ್ಗೆ ಹೇಳಿದೆ. ಅದರಲ್ಲಿ ಸುಳ್ಳಿರಲಿಲ್ಲ. ಹೇಳಿ ಮುಗಿಯುವಷ್ಟರಲ್ಲಿ ಆ ಕೋಣೆಯಲ್ಲಿ ಯಾರಿಗೂ ಅದು ಮೀನಿನ ಮಾತಾಗಿ ಉಳಿದಿರಲಿಲ್ಲ. ಉಂಡೆ ತಂದವರು ಕೈಯನ್ನು ಸೆರಗಿಗೆ ಒರೆಸಿಕೊಂಡರು. ಅಮ್ಮ ನನ್ನನ್ನು ನೋಡಿದ ನೋಟವನ್ನು ನಾನು ಇಲ್ಲಿ ಬರೆಯಲಾರೆ.

ಅಕ್ಕ ಎದ್ದಳು. ಒಂದು ತಿಂಗಳಿನಿಂದ ಯಾರಾದರೂ ತೋಳು ಹಿಡಿಯದೆ ಎದ್ದವಳಲ್ಲ. ಅಡಿಗೆಮನೆಗೆ ಹೋಗಿ ಊಟದ ಮಣೆ ತಂದು ತೊಟ್ಟಿಯ ಬಾಯಿಗೆ ಅಡ್ಡ ಇಟ್ಟಳು. ಗಾಳಿಯಾಡಲು ಒಂದು ಬೆರಳಷ್ಟು ಜಾಗ ಬಿಟ್ಟಳು.

"ಮೂರು ದಿನ ಇದಕ್ಕೆ ಯಾರೂ ಏನೂ ಹಾಕ್ಬೇಡಿ," ಎಂದಳು.

ಅವಳ ದನಿ ಒರಟಾಗಿತ್ತು, ಬಹಳ ದಿನ ಮುಚ್ಚಿಟ್ಟ ಬಾಗಿಲಿನಂತೆ. ಮೂರು ದಿನ ಎಂದು ಅವಳ ಮುಂದೆ ನಾನು ಹೇಳಿರಲಿಲ್ಲ. ಅಡಿಗೆಮನೆಯ ಗೋಡೆ ತೆಳ್ಳಗಿದೆ, ಶನಿವಾರ ಕೇಳಿಸಿರಬಹುದು ಎಂದುಕೊಂಡೆ. ಅಮ್ಮನಂದಂತೆಯೇ ಆಯಿತು, ಆ ದಿನ ಅಕ್ಕ ಒಂದು ತುತ್ತೂ ತಿನ್ನಲಿಲ್ಲ. ಸೋಮವಾರ ಒಂದು ಲೋಟ ಗಂಜಿ ಕುಡಿದಳು. ಬೆಳಗ್ಗೆ ಬಿಸಿಲು ಬಂದಾಗ ಬೆಂಚಿನ ಒಂದು ಕೊನೆಯನ್ನು ಅವಳೇ ಹಿಡಿದಳು, ಇನ್ನೊಂದು ಕೊನೆಯನ್ನು ನಾನು ಹಿಡಿದೆ, ಇಬ್ಬರೂ ಸೇರಿ ಕಿಟಕಿ ಹತ್ತಿರಕ್ಕೆ ಎಳೆದೆವು. ಸಂಜೆ ಮತ್ತೆ ಗೋಡೆ ಬದಿಗೆ ತಂದೆವು. ಅವಳು ನನ್ನಿಂದ ಮುಖ ತಿರುಗಿಸಲಿಲ್ಲ.

ಮಂಗಳವಾರ ಬೆಳಗ್ಗೆ ಮೀನು ಹಾಗೇ ಇತ್ತು. ಆ ದಿನ ನನಗೆ ಶಿವಮೊಗ್ಗದಲ್ಲಿ ಅಂತರ ಕಾಲೇಜು ಚರ್ಚಾಸ್ಪರ್ಧೆ, ಎರಡು ದಿನದ್ದು. ಹೊರಡುವ ಮುಂಚೆ ಉಪ್ಪಿನ ಚಿಕಿತ್ಸೆಯನ್ನೂ ಮಾಡಿ ಮುಗಿಸೋಣವೆಂದು ಹಿತ್ತಿಲಿನಲ್ಲಿ ಬಕೆಟ್ಟಿಗೆ ಉಗುರುಬೆಚ್ಚಗಿನ ನೀರು ತುಂಬಿ, ಭೇದಿ ಉಪ್ಪು ಕರಗಿಸಿ, ಮೀನನ್ನು ಅದರಲ್ಲಿ ಬಿಟ್ಟೆ. ಹತ್ತು ನಿಮಿಷದಲ್ಲಿ ಸೀರೆ ಉಟ್ಟುಕೊಂಡು ಬಂದು ತೆಗೆಯುವುದೆಂದು ಒಳಗೆ ಹೋದೆ. ನೆರಿಗೆ ಹಿಡಿಯುತ್ತ ಭಾಷಣದ ಮೊದಲ ಸಾಲುಗಳನ್ನು ಹೇಳಿಕೊಳ್ಳುತ್ತಿದ್ದೆ. ಬೀದಿ ಕೊನೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಓಡಿದೆ.

ಬಕೆಟ್ಟಿನಲ್ಲಿದ್ದ ಮೀನು ನೆನಪಾದದ್ದು ಬಸ್ಸು ತುಂಗಾ ಸೇತುವೆಯ ಮೇಲೆ ಇದ್ದಾಗ. ಇಳಿದು ಹಿಂದಕ್ಕೆ ಹೋಗಬಹುದಾಗಿತ್ತು. ಹೋದರೂ ಅಷ್ಟರಲ್ಲಿ ಮುಗಿದುಹೋಗಿರುತ್ತದೆ, ಹೋಗಿ ಪ್ರಯೋಜನವಿಲ್ಲ ಎಂದು ನನಗೆ ನಾನೇ ವಾದಿಸಿದೆ. ಬಹಳ ಅಚ್ಚುಕಟ್ಟಾದ ವಾದ ಅದು. ಈಗಲೂ ಅದರಲ್ಲಿ ತರ್ಕದ ದೋಷ ಕಾಣುವುದಿಲ್ಲ. ನಾನು ಇಳಿಯಲಿಲ್ಲ. ಗ್ರಾಮಜೀವನ ಮೇಲೋ ನಗರಜೀವನ ಮೇಲೋ ಎಂಬ ವಿಷಯದ ಮೇಲೆ ಮಾತಾಡಿ ಎರಡನೆಯ ಬಹುಮಾನ ಪಡೆದೆ. ಹಾಸ್ಟೆಲಿನಲ್ಲಿ ಗೆಳತಿಯರ ಜೊತೆ ಉಳಿದೆ.

ಬುಧವಾರ ಮೂರು ಗಂಟೆಗೆ ಮನೆಗೆ ಬಂದಾಗ ಬಹುಮಾನದ ಬಗ್ಗೆ ಯಾರೂ ಕೇಳಲಿಲ್ಲ. ಅಮ್ಮ ನನ್ನನ್ನು ಅಡಿಗೆಮನೆಗೆ ಕರೆದು, "ಬಕೆಟ್ಟಲ್ಲಿ ಬಿಟ್ಟು ಹೋದ್ಯಲ್ಲೇ," ಎಂದಳು, ಅಷ್ಟೆ. ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡು ಬಂದಿದ್ದ ಉತ್ತರವನ್ನು ನಾನು ಹೇಳಲಿಲ್ಲ. ಆಮೇಲೆ ನಡೆದದ್ದನ್ನು ಅವಳೇ ಹೇಳಿದಳು. ಮುಂದಿನದೆಲ್ಲ ಅವಳ ಬಾಯಿಂದ ಕೇಳಿದ್ದು, ನಾನು ಕಣ್ಣಾರೆ ಕಂಡದ್ದಲ್ಲ.

ನಾನು ಓಡಿದ ಸ್ವಲ್ಪ ಹೊತ್ತಿಗೆ ಅಕ್ಕ ತೊಟ್ಟಿ ಖಾಲಿಯಿರುವುದನ್ನು ಕಂಡು ಹಿತ್ತಿಲಿಗೆ ಬಂದಳಂತೆ. ಬಕೆಟ್ಟಿನಲ್ಲಿ ಮೀನು ಅಡ್ಡ ಮಲಗಿತ್ತು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ ನೋಡಿದಳು. ಎರಡೂ ಅಂಗೈಯಲ್ಲಿ ಮೀನನ್ನು ಎತ್ತಿ ತೊಟ್ಟಿಗೆ ತಂದು ಬಿಟ್ಟಳು. ಬಿಟ್ಟ ಮೇಲೂ ಕೈ ತೆಗೆಯದೆ ಅದನ್ನು ನೆಟ್ಟಗೆ ಹಿಡಿದುಕೊಂಡೇ ಕೂತಳು. ಕಿವಿರು ಆಡತೊಡಗುವವರೆಗೆ. ಆಮೇಲೆ ತಂಬಿಗೆಯಲ್ಲಿ ಅರ್ಧ ನೀರು ಹೊರಗೆ ಚೆಲ್ಲಿ, ಬಿಸಿಲಿಗಿಟ್ಟ ಹೊಸ ನೀರು ಹಾಕಿದಳು. ಬಾಗಿಲಿಗೆ ಬಂದ ಹೆಂಗಸೊಬ್ಬರನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಇವತ್ತು ಅದಕ್ಕೆ ಹುಷಾರಿಲ್ಲ, ನಾಳೆ ಬನ್ನಿ ಎಂದಳಂತೆ. ತನ್ನ ವಿಷಯಕ್ಕೆ ಯಾರಿಗೂ ಹೀಗೆ ಹೇಳಿದವಳಲ್ಲ ಅವಳು.

ಸಂಜೆ ಒಂದು ಹಿಡಿ ಒಣ ಬಟಾಣಿ ನೆನೆಹಾಕಿದಳು. ಬುಧವಾರ ಅಮ್ಮ ಅಡಿಗೆ ಮುಗಿಸಿದ ಮೇಲೆ ಅದೇ ಇದ್ದಿಲ ಒಲೆಯ ಮೇಲೆ ಬೇಯಿಸಿದಳು. ಒಂದನ್ನು ತೆಗೆದು ಸಿಪ್ಪೆ ಸುಲಿದು, ಬೆಂದಿದೆಯೇ ಎಂದು ಬಾಯಿಗೆ ಹಾಕಿಕೊಂಡಳು. ಅಗಿದಳು. ನುಂಗಿದಳು. ಇನ್ನೊಂದನ್ನು ಸುಲಿದು ಹೆಬ್ಬೆರಳಲ್ಲಿ ನುರಿದು, ಅರ್ಧವನ್ನು ತೊಟ್ಟಿಗೆ ಹಾಕಿದಳು. ಮೀನು ಬಾಯಿಗೆ ತೆಗೆದುಕೊಂಡು ಉಗುಳಿತು, ಮತ್ತೆ ತೆಗೆದುಕೊಂಡಿತು. ಉಳಿದ ಬಟಾಣಿಯ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು, ಸ್ವಲ್ಪ ಉಪ್ಪು ಉದುರಿಸಿಕೊಂಡು, ಒಂದೊಂದನ್ನೇ ಸುಲಿದು ತಾನೇ ತಿಂದಳು. ಅಮ್ಮ ಬಾಗಿಲಲ್ಲಿ ಉಸಿರು ಬಿಡದೆ ನಿಂತಿದ್ದಳು. ಒಂದು ಹೆಜ್ಜೆ ಇಟ್ಟರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ಭಯವಾಯಿತಂತೆ. ಹೆರಿಗೆಯಾದ ಮೇಲೆ ತನ್ನ ಕೈಯಾರೆ ಅವಳು ತಿಂದ ಮೊದಲ ಊಟ ಅದು.

ಗುರುವಾರ ಬೆಳಗ್ಗೆ ತೊಟ್ಟಿಯ ತಳದಲ್ಲಿ ಮೀನಿನ ಹೊಟ್ಟೆಯಿಂದ ಇಳಿದ ಗೇಣುದ್ದದ ಹಸಿರು ದಾರ ಬಿದ್ದಿತ್ತು. ಭಾನುವಾರದ ಹೊತ್ತಿಗೆ ಮೀನು ನೆಟ್ಟಗೆ ಈಜುತ್ತಿತ್ತು. ಕಾಲೇಜಿನ ಹುಡುಗಿ ಮೀನನ್ನು ಉಳಿಸಿದಳೆಂಬ ಮಾತನ್ನು ಬೀದಿಗೆ ಬಿಟ್ಟದ್ದು ಅಮ್ಮ. ನನ್ನ ಆ ಒಂದು ಮಾತು ಅಷ್ಟರಲ್ಲಿ ಮನೆ ಮನೆ ಸುತ್ತಿತ್ತು, ಅದನ್ನು ಮುಚ್ಚಲು ಅವಳಿಗೆ ಇನ್ನೊಂದು ಮಾತು ಬೇಕಾಗಿತ್ತು. ನಾಲಿಗೆ ಚೂಪು, ಆದರೆ ವಿದ್ಯೆ ಕೆಲಸಕ್ಕೆ ಬಂತು ಎಂದು ಅವಳು ಹೇಳುವುದನ್ನು ನಾನೇ ಕೇಳಿದ್ದೇನೆ. ಕೇಳಿ ಸುಮ್ಮನಿದ್ದೇನೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮುಂದಿನ ತಿಂಗಳು ಅಕ್ಕನನ್ನು ಕಳಿಸಿಕೊಡುವುದೆಂದಾಯಿತು. ಅದಕ್ಕೆ ಮುಂಚೆ ಕೋಣೆಗೆ ಸುಣ್ಣ ಹೊಡೆಯಬೇಕಿತ್ತು. ಚಾಚಾ ಬಂದು ತೊಟ್ಟಿ ಎತ್ತಿದರು. ಬೆಂಚಿನ ಬದಿಗಿದ್ದ ಅಕ್ಕನ ಟ್ರಂಕನ್ನು ನಾನು ಸರಿಸಿದಾಗ ಅದರ ಹಿಂದೆ, ಗೋಡೆಯ ಬುಡದಲ್ಲಿ ಒಣಗಿ ಕಲ್ಲಾದ ಅನ್ನ ಬಿದ್ದಿತ್ತು, ಇರುವೆ ಹತ್ತಿ. ಕೈ ಜಾರಿ ಬಿದ್ದ ನಾಲ್ಕು ಅಗಳಲ್ಲ, ಮೊರದಲ್ಲಿ ಗುಡಿಸಿ ತೆಗೆಯುವಷ್ಟು. ಹೆಂಗಸರು ನಿಲ್ಲುತ್ತಿದ್ದದ್ದು ತೊಟ್ಟಿಯ ಮುಂದೆ. ಗೋಡೆಗೆ ಒರಗಿ ಕೂರುತ್ತಿದ್ದವಳು ಅಕ್ಕ ಒಬ್ಬಳೇ. ಮಣೆ ಮುಚ್ಚಿದ ಆ ಭಾನುವಾರದ ಮೇಲೆ ಅನ್ನ ಹಾಕುವ ಕ್ರಮವೇ ನಿಂತುಹೋಗಿತ್ತು, ಆದ್ದರಿಂದ ಇದು ಅದಕ್ಕಿಂತ ಮೊದಲಿನದು. ಅಂದರೆ ಅಮ್ಮ ಅವಳ ಕೈಗೆ ಕೊಟ್ಟ ಅಗಳನ್ನು ಅವಳು ಬಹಳ ದಿನಗಳಿಂದ ಮೀನಿಗೆ ಹಾಕುತ್ತಿರಲಿಲ್ಲ. ಅಮ್ಮನ ಕಣ್ಣು ತಪ್ಪಿಸಿ ಹಿಂದಕ್ಕೆ ಬಿಡುತ್ತಿದ್ದಳು, ತನ್ನ ತುತ್ತನ್ನು ಮಾತ್ರ ನುಂಗುತ್ತಿದ್ದಳು. ಮೀನಿನ ಹೊಟ್ಟೆ ಉಬ್ಬಿಸುತ್ತಿರುವುದು ಅನ್ನವೇ ಎಂದು ಅವಳು ಆಗಲೇ ಕಂಡುಕೊಂಡಿರಬೇಕು. ಬೇರೆ ಅರ್ಥಗಳೂ ಸಾಧ್ಯ. ಕೈಯಲ್ಲಿ ಶಕ್ತಿಯಿರಲಿಲ್ಲ, ಗುರಿ ತಪ್ಪುತ್ತಿತ್ತು ಎನ್ನಬಹುದು. ನಾನು ಆ ಅರ್ಥವನ್ನು ಹಿಡಿದುಕೊಳ್ಳಲು ತುಂಬ ಪ್ರಯತ್ನಪಟ್ಟೆ. ಅದು ನಿಲ್ಲಲಿಲ್ಲ.

ಅವಳನ್ನು ಕಳಿಸಲು ನಾನೂ ಶಿವಮೊಗ್ಗದವರೆಗೆ ಹೋದೆ. ಮೀನು ಬೇಡವೆಂದು ಬಿಟ್ಟು ಬಂದಿದ್ದಳು, ಅದು ಅಮ್ಮನ ಹತ್ತಿರ ಇರಲಿ ಎಂದಳು. ಬಸ್ ಸ್ಟ್ಯಾಂಡಿನಲ್ಲಿ ಆಯನೂರಿನ ಮೇಲೆ ಹೋಗುವ ಸಾಗರದ ಬಸ್ಸು ನಿಂತಿತ್ತು. ಭಾವ ಟ್ರಂಕನ್ನು ಮೇಲೆ ಹಾಕಿಸಲು ಹೋದರು. ಅಕ್ಕ ಕಿಟಕಿ ಪಕ್ಕ ಕೂತಳು, ಬಳೆಗಳು ಮತ್ತೆ ಮಣಿಕಟ್ಟಿನಲ್ಲಿ ನಿಂತಿದ್ದವು. ಆ ಭಾನುವಾರದ ಮಾತಿಗೆ ತಪ್ಪಾಯಿತು ಎಂದು ಹೇಳಬೇಕೆಂದೇ ನಾನು ಕಿಟಕಿಯ ಸರಳು ಹಿಡಿದು ನಿಂತದ್ದು. ಬಾಯಿಂದ ಬಂದದ್ದು ಪ್ರಶ್ನೆ. ಅವಳು ನನ್ನ ಕಡೆ ನೋಡಿದಳು, ಸರಳಿನ ಮೇಲಿದ್ದ ನನ್ನ ಬೆರಳುಗಳ ಮೇಲೆ ಒಂದು ಕ್ಷಣ ಕೈಯಿಟ್ಟಳು, ಅಷ್ಟರಲ್ಲಿ ಬಸ್ಸು ಹೊರಟಿತು. ಕಾಗದ ಬರೆದಾಗಲೂ ಅದಕ್ಕೆ ಉತ್ತರ ಬರೆದಿಲ್ಲ. ಹಾಗಾಗಿ ಇಲ್ಲಿ ಮತ್ತೊಮ್ಮೆ ಕೇಳುತ್ತಿದ್ದೇನೆ.

ಅಕ್ಕ, ನಾನು ಬಾಯಿ ಬಿಡೋದಕ್ಕೆ ಮುಂಚೆನೇ ನಿನಗೆಲ್ಲ ಗೊತ್ತಿತ್ತಲ್ಲ, ಮತ್ತೆ ಆ ಹೆಂಗಸರು ಅದನ್ನ ಬಸುರಿ ಅಂತ ಮುದ್ದು ಮಾಡ್ತಿದ್ದಾಗ ನೀನು ಯಾಕೆ ಸುಮ್ಮನೆ ಕೇಳ್ತಾ ಕೂತಿದ್ದೆ?